ಸೂಜಿ ಒಗ್ಗಲಿಲ್ಲ, ಮುಂದೇನು?

ಚಿಂಚೋಳಿ ತಾಲ್ಲೂಕಿನ ಐನಾಪುರದ ಆ ಮನೆಯ ನಡುಮನೆಯಲ್ಲಿ ಒಂದು ಗೋಡೆ ಕ್ಯಾಲೆಂಡರ್ ಇದೆ. ಹಬ್ಬ, ಅಮಾವಾಸ್ಯೆಗಳ ಜತೆಗೆ ಅದರ ಮೇಲೆ ಅಲ್ಲಲ್ಲಿ ಕೆಂಪು ಚುಕ್ಕೆಗಳಿವೆ, ಕೆಲವು ದಿನಗಳಿಗೆ ಕಾಟು ಹಾಕಿದೆ. ಹಾಲಿನ ಲೆಕ್ಕ ಇರಬೇಕು ಎಂದುಕೊಂಡಿದ್ದೆ. ಮನೆಯಾಕೆ ತಲೆಯಾಡಿಸಿದರು. "ಹಾಲಿಂದಲ್ರೀ ಸರ, ನಮ್ಮವರ ಸೂಜಿ ಲೆಕ್ಕ ಅದು. ಕೆಂಪು ಚುಕ್ಕಿ ಅಂದ್ರ ಸೂಜಿ ಮಾಡ್ಸಿದ ದಿನ. ಕಾಟು ಅಂದ್ರ ಮನ್ಯಾಗ ಜಗಳ ಆದ ದಿನ."

ಆ ಗಂಡಸಿಗೆ ಈಗ ನಲವತ್ತರ ಆಸುಪಾಸು. ಹೆಸರು ಹಾಕಬಾರದು ಎಂಬ ಷರತ್ತಿನ ಮೇಲೆ ಮಾತಿಗೆ ಒಪ್ಪಿದರು. ತೊಗರಿ ಬೇಸಾಯ, ಬಿಡುವಿನಲ್ಲಿ ಟ್ರ್ಯಾಕ್ಟರ್ ಬಾಡಿಗೆ, ಇಬ್ಬರು ಮಕ್ಕಳು. ಎರಡನೆಯ ಮಗುವಿಗೆ ಮಂಗನಬಾವು ಬಂದಾಗ ಅಪ್ಪನಿಗೂ ಅಂಟಿತು. ಕೆನ್ನೆಯ ಬಾವು ಇಳಿಯುವಷ್ಟರಲ್ಲಿ ವೃಷಣಗಳೆರಡೂ ಊದಿಕೊಂಡವು, ನಾಲ್ಕು ದಿನ ಮೇಲೇಳಲಾಗದ ನೋವು. ಹೋಯಿತು, ಮರೆತರು. ಪ್ರಾಯಕ್ಕೆ ಬಂದ ಮೇಲೆ ಮಂಗನಬಾವು ಹತ್ತಿದರೆ ಹೀಗಾಗುವುದುಂಟು. ಬಹುಪಾಲು ಮಂದಿ ಚೇತರಿಸಿಕೊಳ್ಳುತ್ತಾರೆ, ಕೆಲವರಲ್ಲಿ ವೃಷಣಗಳು ಕುಗ್ಗುತ್ತವೆ.

ಇವರು ಆ ಕೆಲವರ ಪೈಕಿ. ಬದಲಾವಣೆ ಒಂದೇ ದಿನದಲ್ಲಿ ಬರಲಿಲ್ಲ. ವಾರಕ್ಕೆರಡು ಬಾರಿ ಮಾಡಿಸುತ್ತಿದ್ದ ಗಡ್ಡ ಹತ್ತು ದಿನಕ್ಕೊಮ್ಮೆಗೆ ಬಂತು. ಚೀಲ ಎತ್ತಿದರೆ ತೋಳು ನಡುಗತೊಡಗಿತು. ಹೊಟ್ಟೆ ಬೆಳೆಯಿತು. ಮಧ್ಯಾಹ್ನ ಬದುವಿನ ಬೇವಿನ ಕೆಳಗೆ ಮಲಗಿದವರು ಸಂಜೆಯವರೆಗೂ ಏಳುತ್ತಿರಲಿಲ್ಲ. ಹಾಸಿಗೆಯ ಸಂಗತಿ ಹೇಳುವಾಗ ಅವರು ನನ್ನ ಮುಖ ನೋಡಲಿಲ್ಲ, ಕೈಯಲ್ಲಿದ್ದ ಬೀಡಿಕಟ್ಟು ನೋಡುತ್ತಿದ್ದರು. "ಹೋರಿಗಿ ಬೀಜ ಒಡಿಸಿದ್ರ ಎತ್ತು ಆಗ್ತದ್ರಿ. ನಂದು ಯಾರೂ ಒಡಿಸಿಲ್ಲ, ತಾನೇ ಹೋಗ್ಯಾದ."

ಹೊಲ ಮಾಡುವವನಿಗೆ ಈ ಶಾಸ್ತ್ರ ಬೇರೆಯವರು ಕಲಿಸಬೇಕಿಲ್ಲ. ವಿಜ್ಞಾನ ಅದನ್ನು ಕಲಿತದ್ದು ಹುಂಜದಿಂದ. 1849ರಲ್ಲಿ ಜರ್ಮನಿಯ ಗಟಿಂಗೆನ್‌ನಲ್ಲಿ ಆರ್ನಾಲ್ಡ್ ಬರ್ಟೋಲ್ಡ್ ಎಂಬಾತ ಹುಂಜಗಳ ವೃಷಣ ತೆಗೆದ. ಅವು ಕೂಗುವುದನ್ನೂ ಕಾದಾಡುವುದನ್ನೂ ಬಿಟ್ಟವು, ಜುಟ್ಟು ಬಾಡಿತು. ಕೆಲವಕ್ಕೆ ವೃಷಣವನ್ನು ಮತ್ತೆ ಹೊಟ್ಟೆಯೊಳಗೆ ನೆಟ್ಟ. ನರದ ಸಂಬಂಧ ಕಡಿದುಹೋಗಿದ್ದರೂ ಅವು ಮೊದಲಿನಂತೆ ಕೂಗತೊಡಗಿದವು. ಅಂದರೆ ಸುದ್ದಿ ಸಾಗುವುದು ರಕ್ತದ ಮೂಲಕ ಎಂದಾಯಿತು. ಆ ಸುದ್ದಿ ಒಯ್ಯುವ ವಸ್ತುವನ್ನು ಗೂಳಿಗಳ ವೃಷಣದಿಂದ ಬೇರ್ಪಡಿಸಿ ಟೆಸ್ಟೋಸ್ಟಿರಾನ್ ಎಂದು ಹೆಸರಿಟ್ಟದ್ದು 1935ರಲ್ಲಿ. ಅದೇ ವರ್ಷ ಪ್ರಯೋಗಾಲಯದಲ್ಲೂ ತಯಾರಿಸಿದರು. ಆ ಕೆಲಸ ಮಾಡಿದ ಬುಟೆನಾಂಟ್ ಮತ್ತು ರುಜಿಕಾ ಅವರಿಗೆ 1939ರ ನೊಬೆಲ್ ಬಂತು.

ಐನಾಪುರದವರಿಗೆ ಕಾಯಿಲೆಯ ಹೆಸರು ಸಿಗಲು ಬಹಳ ಕಾಲ ಹಿಡಿಯಿತು. ಮೊದಲು ರಕ್ತ ಕಡಿಮೆ ಎಂದು ಕಬ್ಬಿಣದ ಗುಳಿಗೆ. ಆಮೇಲೆ ಸಂತೆಯ ದಿನ ರಸ್ತೆ ಬದಿ ಡೇರೆ ಹಾಕುವವನ ಬಳಿ ಕಪ್ಪು ಲೇಹ್ಯ. ಬಸ್ಸಿನ ಕಿಟಕಿಯಿಂದ ಕಣ್ಣು ಹಾಯಿಸಿದರೆ ಗೋಡೆಗೋಡೆಯ ಮೇಲೂ 'ಗುಪ್ತರೋಗ, ಶಕ್ತಿಹೀನತೆಗೆ ಶರ್ತಿಯಾ ಇಲಾಜು'. ಲೈಂಗಿಕ ಶಕ್ತಿ ಹೆಚ್ಚಿಸುವ ಔಷಧದ ಜಾಹೀರಾತನ್ನು 1954ರ ಕಾಯ್ದೆಯೇ ನಿಷೇಧಿಸಿದೆ. ಕಾಯ್ದೆಗೆ ಗೋಡೆ ಓದಲು ಬರುವುದಿಲ್ಲವೆಂದು ಕಾಣುತ್ತದೆ. ಇಂಥ 'ಗಿಡಮೂಲಿಕೆ' ಪುಡಿಗಳಲ್ಲಿ ಸಿಲ್ಡೆನಾಫಿಲ್‌ನಂಥ ಇಂಗ್ಲಿಷ್ ಔಷಧವನ್ನೇ ಗುಟ್ಟಾಗಿ ಬೆರೆಸಿರುವುದು ಪರೀಕ್ಷೆಗಳಲ್ಲಿ ಮತ್ತೆ ಮತ್ತೆ ಬಯಲಾಗಿದೆ. ಎದೆನೋವಿಗೆ ನಾಲಗೆಯಡಿ ನೈಟ್ರೇಟ್ ಗುಳಿಗೆ ಇಡುವವರು ಅದನ್ನು ತಿಂದರೆ ರಕ್ತದ ಒತ್ತಡ ಕುಸಿದು ಜೀವಕ್ಕೇ ಅಪಾಯ.

ಕೊನೆಗೆ ಕಲಬುರಗಿಯ ವೈದ್ಯರೊಬ್ಬರು ಮಂಗನಬಾವಿನ ಕಥೆ ಕೇಳಿ, ಬೆಳಿಗ್ಗೆ ಎಂಟಕ್ಕೆ ಖಾಲಿ ಹೊಟ್ಟೆಯಲ್ಲಿ ಬನ್ನಿ ಎಂದರು. ಈ ಹೊತ್ತಿನ ಮಾತು ಮುಖ್ಯ. ಟೆಸ್ಟೋಸ್ಟಿರಾನ್ ಮುಂಜಾನೆ ಏರಿ ಸಂಜೆಗೆ ಇಳಿಯುವಂಥದ್ದು. ಸಂಜೆ ರಕ್ತ ಕೊಟ್ಟು ಬಂದ ಆರೋಗ್ಯವಂತನ ವರದಿಯೂ ಕಡಿಮೆ ತೋರಿಸಬಹುದು. ವಾಡಿ, ಸೇಡಂನ ಸಿಮೆಂಟ್ ಕಾರ್ಖಾನೆಗಳಲ್ಲಿ ರಾತ್ರಿ ಪಾಳಿ ಮುಗಿಸಿದವರು ನೇರ ಲ್ಯಾಬಿಗೆ ಹೋದರೆ ಆ ಅಂಕಿಯನ್ನು ನಂಬುವಂತಿಲ್ಲ. ಜ್ವರ ಬಂದು ಹೋದ ವಾರದಲ್ಲಿಯೂ ಅಷ್ಟೆ. ಒಂದು ವರದಿಯಿಂದ ತೀರ್ಮಾನ ಬೇಡ, ಬೇರೆ ದಿನ ಎರಡನೆಯದು ಬೇಕು. ಸಾಮಾನ್ಯವಾಗಿ ಡೆಸಿಲೀಟರಿಗೆ 300 ನ್ಯಾನೋಗ್ರಾಂಗಿಂತ ಕೆಳಗಿದ್ದು, ಲಕ್ಷಣಗಳೂ ಇದ್ದರೆ ಕೊರತೆ ಎನ್ನುತ್ತಾರೆ. ಇವರಿಗೆ ಎರಡು ಸಲವೂ 150ರ ಆಸುಪಾಸು. ವೃಷಣಕ್ಕೆ 'ಕೆಲಸ ಮಾಡು' ಎಂದು ಆಜ್ಞೆ ಕಳಿಸುವ ಪಿಟ್ಯುಟರಿ ಗ್ರಂಥಿಯ ಎಲ್.ಎಚ್. ರಸದೂತ ಮಾತ್ರ ವಿಪರೀತ ಹೆಚ್ಚಿತ್ತು. ಧಣಿ ಕೂಗುತ್ತಿದ್ದಾನೆ, ಆಳಿಗೆ ಕೈ ಏಳುತ್ತಿಲ್ಲ ಎಂಬ ಸ್ಥಿತಿ.

ಎಲ್.ಎಚ್. ಏಕೆ ನೋಡಬೇಕೆಂದರೆ, ಮುಂದಿನ ದಾರಿಯೆಲ್ಲ ಅಲ್ಲೇ ಕವಲೊಡೆಯುತ್ತದೆ. ಬೊಜ್ಜು, ಸಕ್ಕರೆ ಕಾಯಿಲೆ, ಕುಡಿತ, ದೀರ್ಘಕಾಲದ ಸ್ಟಿರಾಯ್ಡ್ ಅಥವಾ ಅಫೀಮಿನ ಜಾತಿಯ ನೋವಿನ ಗುಳಿಗೆ, ನಿದ್ರೆಗೇಡು ಇವುಗಳಿಂದ ಬರುವ ಕೊರತೆಯಲ್ಲಿ ಆಜ್ಞೆಯೇ ಕ್ಷೀಣ. ಮೂಲ ಕಾರಣ ಸರಿಪಡಿಸಿದರೆ ಅಂಕಿ ಎಷ್ಟೋ ಸಲ ತಾನಾಗಿ ಏರುತ್ತದೆ. ಕೆಲವರಿಗೆ ಕ್ಲೋಮಿಫಿನ್ ಗುಳಿಗೆಯನ್ನೋ ಎಚ್.ಸಿ.ಜಿ. ಚುಚ್ಚುಮದ್ದನ್ನೋ ಕೊಟ್ಟು ವೃಷಣವನ್ನೇ ಎಬ್ಬಿಸುವುದುಂಟು. ಮಕ್ಕಳು ಬೇಕೆನ್ನುವ ಎಳೆಯರಿಗೆ ಇದು ಬಲು ಮುಖ್ಯ, ಏಕೆಂದರೆ ಹೊರಗಿನಿಂದ ಟೆಸ್ಟೋಸ್ಟಿರಾನ್ ಕೊಟ್ಟರೆ ಪಿಟ್ಯುಟರಿ ಸುಮ್ಮನಾಗಿ ವೀರ್ಯಾಣು ಉತ್ಪತ್ತಿ ನಿಂತೇಹೋಗಬಹುದು. ಗಂಡಸುತನಕ್ಕೆಂದು ತೆಗೆದುಕೊಂಡ ಸೂಜಿ ತಂದೆಯಾಗುವುದನ್ನು ತಪ್ಪಿಸಿದ ಪ್ರಸಂಗಗಳಿವೆ. ನಮ್ಮ ಐನಾಪುರದವರಲ್ಲಿ ಎಬ್ಬಿಸಲು ಉಳಿದಿದ್ದೇ ಅಲ್ಪ. ಹೊರಗಿನಿಂದ ಕೊಡುವುದೊಂದೇ ದಾರಿ.

ಮೂರು ವಾರಕ್ಕೊಂದು ಸೂಜಿ ಶುರುವಾಯಿತು. ಮೊದಲ ಸೂಜಿಗೇ ಮನುಷ್ಯ ಬದಲಾದರು. ಬೆಳಿಗ್ಗೆ ಐದಕ್ಕೆ ಎದ್ದು ಕೊಟ್ಟಿಗೆ ಬಳಿದರು. ಹೆಂಡತಿ ದೇವರಿಗೆ ಕಾಯಿ ಒಡೆದರು. ಆದರೆ ಮೂರನೆಯ ವಾರಕ್ಕೆ ಹಳೆಯ ಮಂಕು, ಮತ್ತೆ ಸೂಜಿ, ಮತ್ತೆ ಭರಾಟೆ. ಭರಾಟೆಯ ದಿನಗಳಲ್ಲಿ ನಿದ್ದೆಯಿಲ್ಲ, ಬೆನ್ನ ತುಂಬ ಮೊಡವೆ, ಮಾತಿಗೆ ಮುಂಚೆ ಸಿಟ್ಟು. ಒಮ್ಮೆ ರೊಟ್ಟಿಯ ತಾಟು ಹಾರಿ ಕಟ್ಟೆಗೆ ಬಡಿಯಿತು. "ನಂದು ನನಗೇ ತಿಳೀತಿರಲಿಲ್ರೀ. ಆಮ್ಯಾಲ ಕುಂತು ಅಳ್ತಿದ್ದೆ" ಎಂದರು. ಹೆಂಡತಿ ಕ್ಯಾಲೆಂಡರ್ ಮೇಲೆ ಗುರುತು ಹಾಕಲು ಶುರುಮಾಡಿದ್ದು ಆಗ. ನಾಲ್ಕನೆಯ ತರಗತಿ ಓದಿದ ಆ ಹೆಣ್ಣುಮಗಳು ಮಾಡಿದ ಕೆಲಸ ನನಗಂತೂ ದೊಡ್ಡದಾಗಿ ಕಂಡಿತು. ಕಾಟುಗಳೆಲ್ಲ ಚುಕ್ಕೆಯ ನಂತರದ ವಾರದಲ್ಲೇ ಬಿದ್ದಿದ್ದವು. ಹಾಳೆ ಹರಿದು ಮಡಿಚಿ ಕಲಬುರಗಿಗೆ ಒಯ್ದರು. ವೈದ್ಯರು ಅದನ್ನು ಬಹಳ ಹೊತ್ತು ನೋಡಿದರಂತೆ.

ಸೂಜಿಯ ದೋಷ ಇದೇ: ಮೊದಲ ದಿನಗಳಲ್ಲಿ ಪ್ರಮಾಣ ಬೆಟ್ಟದಷ್ಟು, ಕೊನೆಗೆ ಹಳ್ಳ. ಅದಕ್ಕಿಂತ ಗಂಭೀರವಾದದ್ದು ರಕ್ತದ ವರದಿಯಲ್ಲಿ ಕಂಡಿತು. ಟೆಸ್ಟೋಸ್ಟಿರಾನ್ ಕೆಂಪು ಕಣಗಳ ಉತ್ಪತ್ತಿ ಹೆಚ್ಚಿಸುತ್ತದೆ. ರಕ್ತದಲ್ಲಿ ಕಣಗಳ ಪಾಲು, ಅಂದರೆ ಹೆಮಟೋಕ್ರಿಟ್, ಶೇ 54 ದಾಟಿದರೆ ರಕ್ತ ದಪ್ಪಗಾಗಿ ಹೆಪ್ಪುಗಟ್ಟುವ ಭಯ, ಔಷಧ ನಿಲ್ಲಿಸಲೇಬೇಕು. ಇವರದು 56 ಆಗಿತ್ತು. ರಾತ್ರಿ ಗೊರಕೆಯ ನಡುವೆ ಉಸಿರು ಕಟ್ಟುವ ತೊಂದರೆಯೂ ಇತ್ತು. ಅದೂ ರಕ್ತವನ್ನು ದಪ್ಪಗಾಗಿಸುತ್ತದೆ, ಸೂಜಿಯಿಂದ ಇನ್ನಷ್ಟು ಕೆಡಬಹುದು. ಸೂಜಿ ನಿಂತಿತು.

ಹೃದಯದ ಮಾತೇನು ಎಂದು ಓದುಗರು ಕೇಳಬಹುದು. 2023ರಲ್ಲಿ ಪ್ರಕಟವಾದ ಅಮೆರಿಕದ 'ಟ್ರಾವರ್ಸ್' ಅಧ್ಯಯನದಲ್ಲಿ ಐದು ಸಾವಿರಕ್ಕೂ ಹೆಚ್ಚು ಗಂಡಸರಲ್ಲಿ ಅರ್ಧದಷ್ಟು ಜನರಿಗೆ ಜೆಲ್, ಉಳಿದವರಿಗೆ ಸಪ್ಪೆ ಜೆಲ್ ಕೊಟ್ಟು ನೋಡಿದರು. ಹೃದಯಾಘಾತ, ಪಾರ್ಶ್ವವಾಯು ಹೆಚ್ಚಲಿಲ್ಲ. ಆದರೆ ಹೃದಯಬಡಿತದ ಏರುಪೇರು, ಶ್ವಾಸಕೋಶದಲ್ಲಿ ಹೆಪ್ಪು ಇವು ತುಸು ಹೆಚ್ಚು ಕಂಡವು. ಮೂಳೆ ಮುರಿತ ಕಡಿಮೆಯಾದೀತು ಎಂದುಕೊಂಡಿದ್ದರೆ ಅದೂ ತುಸು ಹೆಚ್ಚೇ ಆಯಿತು.

ಔಷಧವಿಲ್ಲದ ಆರು ತಿಂಗಳು

ಸೂಜಿ ನಿಂತ ಮೇಲಿನ ಕಾಲವನ್ನು ಅವರು 'ವನವಾಸ' ಎನ್ನುತ್ತಾರೆ. ವೈದ್ಯರು ಕೊಟ್ಟ ಕೆಲಸಗಳಲ್ಲಿ ಮೊದಲನೆಯದು ತೂಕ. 91 ಕಿಲೋ ಇದ್ದವರು ಎಂಟು ಕಿಲೋ ಇಳಿಸಿದರು. ಅದಕ್ಕೆ ಕಲಬುರಗಿಯಿಂದ ಏನೂ ತರಲಿಲ್ಲ. ಜೋಳದ ರೊಟ್ಟಿ, ತೊಗರಿಬೇಳೆ, ಪುಂಡಿಪಲ್ಯ ಮನೆಯದೇ. ಬಿಟ್ಟದ್ದು ಸಂಜೆಯ ಮಿರ್ಚಿಭಜಿ, ದಿನಕ್ಕೆ ಎಂಟು ಕಪ್ ಸಕ್ಕರೆ ಚಹಾ ಮತ್ತು ವಾರದ ಎರಡು ದಿನದ ಬಾಟಲಿ. ಟ್ರ್ಯಾಕ್ಟರ್ ಮೇಲೆ ಕೂರುವುದನ್ನು ಮಗ್ಗುಲಿಗಿಟ್ಟು ಮತ್ತೆ ಮೈಮುರಿದು ದುಡಿದರು. ಭಾರ ಎತ್ತುವ ಕೆಲಸ ಮಾಂಸಖಂಡಕ್ಕೂ ಮೂಳೆಗೂ ಬೇಕು. ಬೀಡಿ ಮಾತ್ರ ಪೂರ್ತಿ ಬಿಟ್ಟಿಲ್ಲ. ಅದೂ ರಕ್ತ ದಪ್ಪಗಾಗಿಸುವ ವಸ್ತುವೇ ಎಂದು ಅವರಿಗೂ ಗೊತ್ತು.

ಇಷ್ಟೆಲ್ಲ ಮಾಡಿದ ಮೇಲೆ ಟೆಸ್ಟೋಸ್ಟಿರಾನ್ ಎಷ್ಟು ಏರಿತು? ಏರಲೇ ಇಲ್ಲ. ಇದನ್ನು ಮುಚ್ಚಿಡದೆ ಬರೆಯಬೇಕು. ವೃಷಣವೇ ಸೋತಿರುವಾಗ ವ್ಯಾಯಾಮ, ಪಥ್ಯ, ಅಶ್ವಗಂಧ ಯಾವುದೂ ಅದನ್ನು ಮರಳಿ ತರುವುದಿಲ್ಲ. ಅಶ್ವಗಂಧದಿಂದ ಯಕೃತ್ತಿಗೆ ಪೆಟ್ಟು ಬಿದ್ದ ವರದಿಗಳೂ ಇವೆ. ಆದರೆ ಗೊರಕೆ ಇಳಿಯಿತು, ರಕ್ತ ತಿಳಿಯಾಯಿತು, ಹಗಲು ನಿದ್ದೆ ಹೋಯಿತು. ಬೊಜ್ಜು, ನಿದ್ರೆಗೆಟ್ಟು ಕೊರತೆ ಬಂದವರಲ್ಲಾದರೆ ಅಂಕಿಯೂ ಏರುತ್ತಿತ್ತು. ಷಿಕಾಗೊ ವಿಶ್ವವಿದ್ಯಾಲಯದವರು 2011ರಲ್ಲಿ ಹತ್ತು ಮಂದಿ ಆರೋಗ್ಯವಂತ ತರುಣರನ್ನು ಒಂದು ವಾರ ದಿನಕ್ಕೆ ಐದೇ ತಾಸು ಮಲಗಿಸಿದಾಗ ಅವರ ಹಗಲಿನ ಟೆಸ್ಟೋಸ್ಟಿರಾನ್ ಶೇ 10ರಿಂದ 15ರಷ್ಟು ಇಳಿದಿತ್ತು. ಪಾಳಿ ಕೆಲಸದವರು ಯೋಚಿಸಬೇಕಾದ ಸಂಗತಿ.

ಹಾರ್ಮೋನು ಇಲ್ಲದಾಗ ತಕ್ಷಣ ಕಾಣದೆ ಸವೆಯುವುದು ಮೂಳೆ. ವೃದ್ಧರಾದಾಗ ಬೆನ್ನು ಬಾಗಿ, ಜಾರಿಬಿದ್ದು ತೊಡೆ ಮುರಿದಾಗಲೇ ಗೊತ್ತಾಗುವುದು. ಮೂಳೆಯ ಸಾಂದ್ರತೆ ಅಳೆಯುವ ಡೆಕ್ಸಾ ಪರೀಕ್ಷೆ, ವಿಟಮಿನ್ ಡಿ, ಕ್ಯಾಲ್ಸಿಯಂ, ಬೇಕಾದರೆ ಮೂಳೆಗೆಂದೇ ಇರುವ ಔಷಧ ಇವನ್ನು ಟೆಸ್ಟೋಸ್ಟಿರಾನ್ ಇಲ್ಲದೆಯೂ ನೋಡಿಕೊಳ್ಳಬಹುದು. ನಿಮಿರುವಿಕೆಯ ತೊಂದರೆಗೆ ಬೇರೆ ಗುಳಿಗೆಗಳಿವೆ. ಅವು ರಕ್ತದ ಹರಿವನ್ನು ಸರಿಮಾಡಬಲ್ಲವು, ಆಸೆ ಹುಟ್ಟಿಸಲಾರವು, ವೈದ್ಯರ ಚೀಟಿಯಿಲ್ಲದೆ ಮುಟ್ಟುವಂಥವಲ್ಲ. ಮನಸ್ಸು ಕುಸಿದರೆ ಅದಕ್ಕೂ ಬೇರೆಯಾಗಿಯೇ ಚಿಕಿತ್ಸೆ ಬೇಕು. 2022ರಲ್ಲಿ ಆರಂಭವಾದ ಟೆಲಿ ಮಾನಸ್ ಸಹಾಯವಾಣಿಯ ಸಂಖ್ಯೆ 14416, ಕನ್ನಡದಲ್ಲೇ ಮಾತಾಡಬಹುದು.

ಆ ಆರು ತಿಂಗಳಲ್ಲಿ ಗಂಡಹೆಂಡತಿ ನಡುವೆ ಏನಾಯಿತು? ಕೇಳಲು ನನಗೆ ಸಂಕೋಚ. ಆಕೆಯೇ ಹೇಳಿದರು: "ಸೂಜಿ ಇದ್ದಾಗ ಬಾಜೂಕ ಬಂದ್ರ ಹೆದರಿಕಿ ಆಗ್ತಿತ್ತು. ಈಗ ಕಟ್ಟಿ ಮ್ಯಾಲ ಕುಂತು ಮಾತಾಡ್ತಾರ. ನನಗ ಇದೇ ಛಲೋ ಅದ." ಗಂಡ ಇದನ್ನು ಕೇಳಿ ನಕ್ಕರು. ಪೂರ್ತಿ ಒಪ್ಪಿದಂತೆ ಕಾಣಲಿಲ್ಲ. ಹೆಂಡತಿಗೆ ಛಲೋ ಅನಿಸಿದ್ದು ಗಂಡನಿಗೂ ಹಾಗೇ ಅನಿಸಬೇಕೆಂದಿಲ್ಲವಲ್ಲ.

ಈಗ ಜೆಲ್

ರಕ್ತ ತಿಳಿಯಾದ ಮೇಲೆ ವೈದ್ಯರು ಜೆಲ್ ಬರೆದುಕೊಟ್ಟರು, ಅದೂ ಕಡಿಮೆ ಪ್ರಮಾಣದಲ್ಲಿ. ದಿನವೂ ಹಚ್ಚುವುದರಿಂದ ಬೆಟ್ಟ-ಹಳ್ಳದ ಕಾಟ ಕಡಿಮೆ, ಸೂಜಿಯಷ್ಟು ರಕ್ತ ದಪ್ಪಗಾಗುವುದಿಲ್ಲ. ಸೂಜಿಗಿಂತ ದುಬಾರಿ. ಇನ್ನೊಂದು ಕಷ್ಟ, ಹಚ್ಚಿದ ಜಾಗವನ್ನು ಮಕ್ಕಳು ಹೆಂಗಸರು ಮುಟ್ಟಿದರೆ ಅವರ ಮೈಗೂ ಇಳಿಯುತ್ತದೆ. ಸಣ್ಣ ಮಕ್ಕಳಲ್ಲಿ ಅಕಾಲ ಪ್ರೌಢಾವಸ್ಥೆಯ ಲಕ್ಷಣ ಕಂಡದ್ದುಂಟು. ಹಾಗಾಗಿ ಅವರು ಜಳಕ ಮುಗಿಸಿ ಹೆಗಲಿಗೆ ಹಚ್ಚಿ, ಆರುವವರೆಗೂ ಕೋಣೆಯ ಬಾಗಿಲು ಹಾಕಿಕೊಂಡು ಕೂರುತ್ತಾರೆ. ಆಮೇಲೆ ಸಾಬೂನಿನಿಂದ ಕೈ ತೊಳೆದು, ಅಂಗಿ ತೊಟ್ಟೇ ಹೊರಬರುವುದು. ಅವರ ಟವೆಲ್ ಬೇರೆ ಗೂಟಕ್ಕೆ.

ಕಳೆದ ಸಲದ ಹೆಮಟೋಕ್ರಿಟ್ 49. ಎಳ್ಳಮಾವಾಸ್ಯೆಗೆ ಮುಂಚೆ ಇನ್ನೊಂದು ಪರೀಕ್ಷೆ. 54 ದಾಟಿದರೆ ಜೆಲ್ ಕೂಡ ನಿಲ್ಲುತ್ತದೆ. ನಾನು ಹೊರಟಾಗ ಹೊಲದಲ್ಲಿ ತೊಗರಿ ಹಳದಿ ಹೂ ಬಿಟ್ಟಿತ್ತು. "ಚರಗ ಚೆಲ್ಲಲಾಕ ಬರ್ರೀ, ಭಜ್ಜಿ ಸಜ್ಜಿರೊಟ್ಟಿ ಉಣ್ಣೋಣು" ಎಂದು ಕರೆದರು. ಆಕೆ ಒಳಗಿನಿಂದ ಕ್ಯಾಲೆಂಡರ್ ತಂದು ತೋರಿಸಿದರು. ಕಳೆದ ಎರಡು ತಿಂಗಳ ಹಾಳೆಯಲ್ಲಿ ಒಂದೇ ಒಂದು ಕಾಟು ಇತ್ತು. ಅದು ಟ್ರ್ಯಾಕ್ಟರ್ ಸಾಲದ ಕಂತಿನ ಜಗಳವಂತೆ.