ಪಂಚಮಿಯ ನಿಂಬೆಹಣ್ಣು, ಪರದೇಶದ ಗಂಬೂಟು

ಶ್ರಾವಣ ಬಂತೆಂದರೆ ನಮ್ಮ ಸಂಘದ ಕಚೇರಿಗೆ ಒಂದು ದೂರು ಬರುವುದು ವಾಡಿಕೆ. ಅಡಿಕೆಗೆ ಎರಡನೆಯ ಸಲ ಬೋರ್ಡೋ ಹೊಡೆಯುವ ಹೊತ್ತಿಗೆ ಸರಿಯಾಗಿ ಬಸವಕಲ್ಯಾಣ, ಹುಮನಾಬಾದ್ ಕಡೆಯ ಕೆಲಸದವರು “ಪಂಚಮಿ ಬಂತ್ರಿ” ಎಂದು ಗಂಟು ಕಟ್ಟುತ್ತಾರೆ ಎಂಬುದು. ಮರ ಹತ್ತುವ ಕೊನೆಗಾರರು ನಮ್ಮ ಕಡೆಯವರೇ ಆದರೂ ಮೈಲುತುತ್ತು, ಸುಣ್ಣ ಕಲಸುವುದಕ್ಕೆ, ಪೈಪು ಹಿಡಿಯುವುದಕ್ಕೆ ಜನ ಬೇಕಷ್ಟೆ. ಹುತ್ತಕ್ಕೆ ಹಾಲೆರೆಯಲು ಅಷ್ಟು ದೂರ ಹೋಗಬೇಕೆ ಎಂದು ಸದಸ್ಯರು ಕೇಳುತ್ತಾರೆ.

ಹಾಲೆರೆಯುವುದು ಅರ್ಧ ಗಳಿಗೆಯ ಕೆಲಸ. ಆದರೆ ನಮಗೆ ದೀಪಾವಳಿ ಹೇಗೋ ಅವರಿಗೆ ಪಂಚಮಿ ಹಾಗೆ. ಮದುವೆಯಾದ ಹೆಣ್ಣುಮಕ್ಕಳು ತವರಿಗೆ ಬರುತ್ತಾರೆ, ಮನೆಮನೆಯಲ್ಲಿ ಶೇಂಗಾ ಉಂಡಿ, ಎಳ್ಳುಂಡಿ, ಜೋಳದ ಅಳ್ಳು, ಮರಕ್ಕೆ ಜೋಕಾಲಿ. ಗಂಡಸರಿಗೆ ನಿಂಬೆಹಣ್ಣಿನ ಎಸೆತ.

ಆಟ ಸರಳ. ಒಂದು ಊರಿನಿಂದ ಇನ್ನೊಂದು ಊರಿಗೋ, ಗುಡಿಯಿಂದ ದೂರದ ಮರಕ್ಕೋ ಇಷ್ಟೇ ಎಸೆತದಲ್ಲಿ ಹಣ್ಣು ಮುಟ್ಟಿಸುತ್ತೇನೆಂದು ಪಂಥ ಕಟ್ಟುವುದು. ಹಣ್ಣು ನಿಂತಲ್ಲಿಂದ ಮುಂದಿನ ಎಸೆತ. ಒಂದು ಕಿಲೋಮೀಟರಿಗೆ 20 ಎಸೆತವೆಂದು ಒಪ್ಪಿದವನು ಪ್ರತಿ ಸಲವೂ ಸರಾಸರಿ 50 ಮೀಟರು ದಾಟಿಸಬೇಕು. ಮೊದಲ ಐದಾರು ಸುಲಭ. ಆಮೇಲೆ ಭುಜ ಸೋಲುತ್ತದೆ. ಗಟ್ಟಿ ರಸ್ತೆಯಲ್ಲಿ ಬಿದ್ದ ಹಣ್ಣು ಪುಟಿದು ಉರುಳಿ ಇನ್ನಷ್ಟು ದೂರ ಹೋದೀತು. ನೆನೆದ ಎರೆಮಣ್ಣಿಗೆ ಬಿದ್ದರೆ ಅಲ್ಲೇ ಕೂರುತ್ತದೆ. ತೋಳಬಲದಷ್ಟೇ ನೆಲದ ಅಂದಾಜೂ ಬೇಕು. ಪಣಕ್ಕೆ ತೆಂಗಿನಕಾಯಿ ಇಟ್ಟರೆ ಚೆಂದ. ದುಡ್ಡು ಬಂದರೆ ಮೂರು ತಿಂಗಳ ಕೂಲಿ ಒಂದು ಸಂಜೆಗೆ ಕರಗಿ, ಮರಳಿ ಬಂದವರು ಮುಂಗಡ ಕೇಳುವುದನ್ನೂ ನಾವು ಕಂಡಿದ್ದೇವೆ.

ಹಬ್ಬಕ್ಕೆ ಊರಿಗೆ ಹೋಗಲಾಗದೆ ತೋಟದಲ್ಲೇ ಉಳಿಯುವವರೂ ಇದ್ದಾರೆ. ಅವರಿಗೆ ತಕ್ಕ ಆಟವೊಂದು ಪರದೇಶದಲ್ಲಿದೆ, ಸಾಮಾನೂ ನಮ್ಮ ಜಗಲಿಯಲ್ಲೇ ಇದೆ: ಗಂಬೂಟು ಎಸೆತ. ನ್ಯೂಜಿಲೆಂಡಿನ ತೈಹಾಪೆ ಎಂಬ ಒಕ್ಕಲುತನದ ಪುಟ್ಟ ಪಟ್ಟಣದಲ್ಲಿ 1985ರಲ್ಲಿ ಗಂಬೂಟಿನ ಹಬ್ಬವನ್ನೇ ಆರಂಭಿಸಿದರು. ಫಿನ್ಲೆಂಡಿನಲ್ಲಂತೂ ಇದು ಹಳೆಯ ಹಳ್ಳಿ ಆಟ. ಅಲ್ಲಿಯ ಟೆಪ್ಪೊ ಲುವೊಮಾ 1996ರಲ್ಲಿ 63.98 ಮೀಟರು ಎಸೆದು ಗಿನ್ನೆಸ್ ದಾಖಲೆ ಮಾಡಿದರು. ಬೂಟು ಲಿಂಬೆಯಂತಲ್ಲ. ಹಿಮ್ಮಡಿಯ ಕಡೆ ಭಾರ, ಕೊಳವೆಯ ಕಡೆ ಹಗುರ. ಗಾಳಿಯಲ್ಲಿ ಲಾಗ ಹಾಕುತ್ತ ಹೋಗುತ್ತದೆ. ಆದ್ದರಿಂದ ಬರೀ ಬಲಶಾಲಿಯೇ ಗೆಲ್ಲುತ್ತಾನೆಂಬ ನಿಯಮವಿಲ್ಲ, ಹೆಂಗಸರೂ ಆಡುತ್ತಾರೆ.

ನಮ್ಮ ಸಲಹೆ ಇಷ್ಟು. ಪಂಚಮಿ ಬರುವುದು ಜುಲೈ ಕೊನೆಗೆ ಅಥವಾ ಆಗಸ್ಟಿನಲ್ಲಿ. ಮಳೆ ಹಿಡಿಯುವ ಮುನ್ನ ಮೊದಲ ಸಲ ಶೇಕಡ 1ರ ಬೋರ್ಡೋ ಮುಗಿಸಿದ್ದರೆ, 40-45 ದಿನಕ್ಕೆ, ಅಂದರೆ ಜುಲೈ ಮಧ್ಯಕ್ಕೆ ಎರಡನೆಯದು ಬರುತ್ತದೆ. ಮಳೆ ಬಿಡುವು ಕೊಟ್ಟ ದಿನ ತಪ್ಪಿಸದೆ ಹೊಡೆದರೆ ಕೆಲಸದವರನ್ನು ಹಬ್ಬಕ್ಕೆ ನಿಶ್ಚಿಂತೆಯಿಂದ ಕಳಿಸಬಹುದು. ಮರಳುವ ದಿನವನ್ನು ಮೊದಲೇ ಮಾತಾಡಿಕೊಳ್ಳಿ. ತಡೆದು ನಿಲ್ಲಿಸಿದವರು ಮುಂದಿನ ವರ್ಷ ಬೇರೆ ತೋಟ ಹುಡುಕುತ್ತಾರೆ.

ಉಳಿದವರಿಗೆ ಒಂದು ಮಧ್ಯಾಹ್ನ ರಜೆ ಕೊಟ್ಟು ಬೂಟಿನ ಆಟ ಆಡಿಸಬಹುದು. ಬಹುಮಾನಕ್ಕೆ ತೆಂಗಿನಕಾಯಿ ಸಾಕು. ಮಳೆಗಾಲದಲ್ಲಿ ಕಾಫಿ ಕಣ ಬರಿದಾಗಿದೆಯೆಂದು ಅಲ್ಲಿ ಆಡಿಸಬೇಡಿ, ಪಾಚಿಗೆ ಕಾಲು ಜಾರುತ್ತದೆ. ಹುಲ್ಲಿರುವ ಬಯಲು ಲೇಸು. ಎಲ್ಲರೂ ಒಂದೇ ಬೂಟನ್ನು ಎಸೆಯಬೇಕು, ಹರಿದದ್ದಾದರೂ ಸರಿ. ಎತ್ತುವ ಮೊದಲು ಒಳಗಿನ ನೀರು ಚೆಲ್ಲಿ, ಉಂಬಳ ಇದೆಯೇ ನೋಡಿಕೊಳ್ಳಿ.