ಪ್ರಜಾಗರ: ಮಹಾಮಾರಿಯ ಕಾಲದಲ್ಲಿ ವೈದ್ಯರ ಮತ್ತು ದಾದಿಯರ ನಿದ್ರಾನಾಶ

ಮಹಾಭಾರತದ ಉದ್ಯೋಗಪರ್ವದಲ್ಲಿ ಪ್ರಜಾಗರವೆಂಬ ಉಪಪರ್ವವೊಂದುಂಟು. ನಿದ್ರೆ ಬಾರದೆ ತೊಳಲುತ್ತಿರುವ ಧೃತರಾಷ್ಟ್ರನಿಗೆ ವಿದುರನು, ಎಂಥವರಿಗೆ ನಿದ್ರೆ ಹತ್ತುವುದಿಲ್ಲವೆಂಬುದನ್ನು ಹೇಳುವಾಗ, ಬಲಿಷ್ಠನೊಡನೆ ಸೆಣಸಬೇಕಾಗಿ ಬಂದ ಸಾಧನಹೀನನಾದ ದುರ್ಬಲನನ್ನು ಮೊದಲು ಎಣಿಸುತ್ತಾನೆ. ಧನವನ್ನು ಕಳೆದುಕೊಂಡವನು, ಕಾಮಿ, ಕಳ್ಳ ಇವರು ಅನಂತರ ಬರುತ್ತಾರೆ. ವೈದ್ಯನ ಹೆಸರು ಆ ಗಣನೆಯಲ್ಲಿಲ್ಲ. ಆದರೆ ೨೦೨೦ನೆಯ ಇಸವಿಯಲ್ಲಿ ಕೊರೋನಾ ಮಹಾಮಾರಿಯು ಲೋಕವನ್ನು ವ್ಯಾಪಿಸಿದಾಗ, ಲಸಿಕೆಯಿನ್ನೂ ಇಲ್ಲದೆ, ಎಷ್ಟೋ ಕಡೆಗಳಲ್ಲಿ ಮುಖಗವಸೂ ಸಾಲದೆ ರೋಗದ ಎದುರು ನಿಂತ ವೈದ್ಯರಿಗೂ ದಾದಿಯರಿಗೂ ವಿದುರನ ಮೊದಲನೆಯ ಲಕ್ಷಣವು ಅಕ್ಷರಶಃ ಅನ್ವಯಿಸಿತು.

ಚೀನಾದೇಶದಲ್ಲಿ ಆ ವರ್ಷದ ಜನವರಿ ೨೯ರಿಂದ ಫೆಬ್ರವರಿ ೩ರ ವರೆಗೆ ೩೪ ಆಸ್ಪತ್ರೆಗಳ ೧೨೫೭ ಮಂದಿ ವೈದ್ಯರನ್ನೂ ದಾದಿಯರನ್ನೂ ಪ್ರಶ್ನಾವಳಿಯ ಮೂಲಕ ವಿಚಾರಿಸಲಾಯಿತು. ನೂರಕ್ಕೆ ೩೪ ಮಂದಿಯಲ್ಲಿ ನಿದ್ರಾನಾಶದ, ೪೪.೬ ಮಂದಿಯಲ್ಲಿ ಉದ್ವೇಗದ, ೫೦.೪ ಮಂದಿಯಲ್ಲಿ ಖಿನ್ನತೆಯ ಲಕ್ಷಣಗಳು ಕಂಡುಬಂದುವು. ದಾದಿಯರಲ್ಲಿಯೂ, ಸ್ತ್ರೀಯರಲ್ಲಿಯೂ, ವೂಹಾನ್ ನಗರದವರಲ್ಲಿಯೂ, ರೋಗಿಗಳ ಹತ್ತಿರವೇ ಇದ್ದು ಶುಶ್ರೂಷೆ ಮಾಡಿದವರಲ್ಲಿಯೂ ಇವು ಹೆಚ್ಚು ತೀವ್ರವಾಗಿದ್ದುವು. ಇವು ಉತ್ತರ ಕೊಟ್ಟವರೇ ಹೇಳಿಕೊಂಡ ಲಕ್ಷಣಗಳೇ ಹೊರತು ರೋಗನಿರ್ಣಯವಲ್ಲ; ಒಂದೇ ಕಾಲದ ಅಳತೆಯಾದುದರಿಂದ ಇದರಲ್ಲಿ ಮಹಾಮಾರಿಯು ತಂದುದೆಷ್ಟು, ಮೊದಲೇ ಇದ್ದುದೆಷ್ಟು ಎಂಬುದೂ ತಿಳಿಯದು. ಈ ಎಚ್ಚರಿಕೆಯಿಲ್ಲದೆ ಅಂಕಿಗಳನ್ನು ಉದ್ಧರಿಸುವುದು ಸರಿಯಲ್ಲ.

ಚರಕಸಂಹಿತೆಯ ಸೂತ್ರಸ್ಥಾನದಲ್ಲಿ ನಿದ್ರಾನಾಶಕ್ಕೆ ಕಾರ್ಯ, ಕಾಲ, ವಿಕಾರ, ಪ್ರಕೃತಿ, ವಾಯು ಎಂದು ಐದು ಕಾರಣಗಳನ್ನು ಹೇಳಿದೆ. ಕಾಲಶಬ್ದಕ್ಕೆ ವಾರ್ಧಕ್ಯವೆಂಬ ವ್ಯಾಖ್ಯಾನವುಂಟು. ಪ್ರಕೃತ ವಿಷಯದಲ್ಲಾದರೋ ಅದರ ನೇರವಾದ ಅರ್ಥವೇ ಉಪಯುಕ್ತವಾಗಿದೆ. ಮನುಷ್ಯನ ಮಿದುಳಿನಲ್ಲಿ ದೃಷ್ಟಿನರಗಳು ಒಂದನ್ನೊಂದು ದಾಟುವ ಸ್ಥಳದ ಮೇಲುಗಡೆ ಇರುವ ಸಣ್ಣ ಕೇಂದ್ರವೊಂದು ಗಡಿಯಾರದಂತೆ ವರ್ತಿಸಿ, ಬೆಳಕನ್ನನುಸರಿಸಿ ಹಗಲಿರುಳುಗಳನ್ನು ಅಳೆಯುತ್ತದೆ. ಕತ್ತಲಾದ ಮೇಲೆ ಮೆಲಟೋನಿನ್ ಎಂಬ ರಸದ ಸ್ರಾವವು ಹೆಚ್ಚುತ್ತದೆ. ರಾತ್ರಿಪಾಳಿಯನ್ನು ಮುಗಿಸಿ ಬೆಳಗಿನ ಬಿಸಿಲಿನಲ್ಲಿ ಮನೆಗೆ ನಡೆದು ಬರುವ ದಾದಿಗೆ ಈ ಗಡಿಯಾರವು ಏಳುವ ಹೊತ್ತೆಂದೇ ಸಾರುತ್ತದೆ. ಕಾರ್ಯ, ಕಾಲ ಎಂಬ ಎರಡು ಕಾರಣಗಳೂ ಹೀಗೆ ಅವಳಲ್ಲಿ ಒಟ್ಟಿಗೆ ಸೇರುತ್ತವೆ.

ಆದರೆ ಹಗಲು ಪಾಳಿಯವರಿಗೂ ನಿದ್ರೆ ಬರಲಿಲ್ಲವಷ್ಟೆ. ಅದಕ್ಕೆ ಸಮಾಧಾನವು ಅದೇ ಅಧ್ಯಾಯದಲ್ಲಿದೆ. ಮನಸ್ಸು ಬಳಲಬೇಕು, ಬಳಲಿದ ಇಂದ್ರಿಯಗಳು ವಿಷಯಗಳಿಂದ ಹಿಂದೆಗೆಯಬೇಕು. ಆಗ ನಿದ್ರೆಯೆಂದು ಚರಕನ ಮತ. ಬಳಲಿಕೆಯೊಂದೇ ಸಾಲದೆಂಬುದು ಇಲ್ಲಿಯ ಮರ್ಮ. ಶುಶ್ರೂಷಕರಲ್ಲಿ ಬಳಲಿಕೆಯು ಬೇಕಾದಷ್ಟಿತ್ತು, ನಿವೃತ್ತಿಯಿರಲಿಲ್ಲ. ಗಂಟೆಗಟ್ಟಲೆ ರಕ್ಷಾಕವಚವನ್ನು ತೊಟ್ಟು ನೀರನ್ನೂ ಕುಡಿಯದೆ ದುಡಿದವರು ಹಾಸಿಗೆಯಲ್ಲಿ ಮಲಗಿದ ಮೇಲೂ, ಸೋಂಕು ತಮ್ಮ ಮಕ್ಕಳಿಗೆ ತಗಲಿತೋ ಏನೋ ಎಂದು ತಮ್ಮ ಕೆಮ್ಮಿಗೇ ಕಿವಿಗೊಟ್ಟಿದ್ದರು. ಆಧುನಿಕರು ನಿದ್ರೆಯ ಒತ್ತಡವನ್ನೂ ಅದನ್ನು ತಡೆಯುವ ಜಾಗೃತಿಯ ಉದ್ರೇಕವನ್ನೂ ಬೇರೆ ಬೇರೆಯಾಗಿ ಪರಿಗಣಿಸುವುದು ಈ ವಿವೇಚನೆಗೆ ಬಲು ಸಮೀಪವಾಗಿದೆ. ಭಯಕ್ಕೆ ರೋಗವೊಂದೇ ಕಾರಣವೂ ಆಗಿರಲಿಲ್ಲ. ಭಾರತದಲ್ಲಿ ಕೆಲವೆಡೆ ಜನರೇ ವೈದ್ಯರ ಮೇಲೆ ಕೈಮಾಡಿದುದರಿಂದ, ೧೮೯೭ರ ಸಾಂಕ್ರಾಮಿಕ ರೋಗಗಳ ಶಾಸನವನ್ನು ೨೦೨೦ನೆಯ ಏಪ್ರಿಲ್ ೨೨ರ ಸುಗ್ರೀವಾಜ್ಞೆಯಿಂದ ತಿದ್ದಿ, ಅಂಥವರಿಗೆ ಐದು ವರ್ಷಗಳ ವರೆಗೂ, ತೀವ್ರ ಗಾಯವಾದಲ್ಲಿ ಏಳು ವರ್ಷಗಳ ವರೆಗೂ ಸೆರೆಮನೆಯನ್ನು ವಿಧಿಸಬೇಕಾಯಿತು.

ಚಿಕಿತ್ಸೆಯ ವಿಷಯದಲ್ಲಿ ವಾಗ್ಭಟನ ಅಷ್ಟಾಂಗಹೃದಯವು ಸ್ಪಷ್ಟವಾದ ಪ್ರಮಾಣವನ್ನೇ ಕೊಡುತ್ತದೆ: ರೂಢಿಯಿಲ್ಲದೆ ರಾತ್ರಿ ಎಚ್ಚರವಾಗಿದ್ದವನು, ಎಚ್ಚರವಿದ್ದ ಕಾಲದ ಅರ್ಧದಷ್ಟನ್ನು ಮರುದಿನ ಬೆಳಗ್ಗೆ ಉಣ್ಣದೆಯೇ ಮಲಗಿ ಕಳೆಯಬೇಕು. ಎಂಟು ಗಂಟೆ ಜಾಗರಣೆಗೆ ನಾಲ್ಕು ಗಂಟೆಯ ನಿದ್ರೆ ಎಂದಾಯಿತು. ಕೋಣೆಯನ್ನು ಕತ್ತಲು ಮಾಡಿಕೊಳ್ಳುವುದು, ಪಾಳಿಯ ನಡುವೆ ಅಲ್ಪಕಾಲ ಮಲಗಲು ಅವಕಾಶವೀಯುವುದು ಇವು ಈಗಿನವರ ಸಲಹೆಗಳು. ಇವುಗಳಲ್ಲಿ ಮೊದಲನೆಯದು ಮಾತ್ರ ದಾದಿಯ ಕೈಯಲ್ಲಿದೆ. ಎರಡನೆಯದೂ, ವಾಗ್ಭಟನು ಹೇಳಿದ ಬೆಳಗಿನ ಬಿಡುವೂ ಪಾಳಿಯ ಪಟ್ಟಿಯನ್ನು ಬರೆಯುವವರ ಕೈಯಲ್ಲಿವೆ.