ನಿಸ್ತಂತು ಜಾಲದಲ್ಲಿ ಹತ್ತಿರದ ದಾರಿಯೇ ಉತ್ತಮ ದಾರಿಯಲ್ಲ

ಹುಮನಾಬಾದಿನ ಕೈಗಾರಿಕಾ ಪ್ರದೇಶದಿಂದ ಸರಕಿನ ಲಾರಿ ಹೊರಡಬೇಕಾದರೆ ಇ-ವೇ ಬಿಲ್ ಸಿದ್ಧವಿರಬೇಕು. 2018ರ ಏಪ್ರಿಲ್ 1ರಿಂದ, ಸಾಮಾನ್ಯವಾಗಿ ರೂ. 50,000 ಮೀರಿದ ಮೌಲ್ಯದ ಸರಕು ಸಾಗಣೆಗೆ ಇದು ಕಡ್ಡಾಯವಾಗಿದೆ. ಕಚೇರಿಯ ಅಂತರ್ಜಾಲ ಸಂಪರ್ಕವು ಗೋದಾಮಿನ ಬಾಗಿಲಿಗೆ ಸರಿಯಾಗಿ ತಲುಪದಿದ್ದರೆ ಲಾರಿ ನಿಂತಲ್ಲೇ ನಿಲ್ಲುತ್ತದೆ. ಬಸವಕಲ್ಯಾಣದ ಲಾರಿ ಉದ್ಯಮಿಗಳಿಗೂ ಈ ಮಾತು ಅನ್ವಯಿಸುತ್ತದೆ.

ವಿಶಾಲ ಆವರಣಕ್ಕೆ ತಂತಿ ಎಳೆಯದೆ ಸಂಪರ್ಕ ಒದಗಿಸುವ ವ್ಯವಸ್ಥೆಯೇ ನಿಸ್ತಂತು ಮೆಶ್ ಜಾಲ. ಇದರಲ್ಲಿ ಪ್ರತಿ ರೂಟರ್ ನೆರೆಯ ರೂಟರಿನ ಮಾಹಿತಿಯನ್ನೂ ಮುಂದಕ್ಕೆ ಸಾಗಿಸುತ್ತದೆ. ಹಿಮಾಚಲ ಪ್ರದೇಶದ ಧರ್ಮಶಾಲೆಯಲ್ಲಿ ಇಂತಹ ಸಾಮುದಾಯಿಕ ಜಾಲವು 2005ರಲ್ಲಿಯೇ ಆರಂಭವಾಯಿತು.

ದಾರಿಯ ಆಯ್ಕೆ

ಮಾಹಿತಿ ಯಾವ ದಾರಿಯಲ್ಲಿ ಸಾಗಬೇಕೆಂಬುದೇ ಇಲ್ಲಿನ ಮುಖ್ಯ ಪ್ರಶ್ನೆ. ಹಳೆಯ ಪದ್ಧತಿಯು ಅತಿ ಕಡಿಮೆ ರೂಟರುಗಳಿರುವ ದಾರಿಯನ್ನು ಆರಿಸುತ್ತದೆ. ಗೋದಾಮಿನಿಂದ ಕಚೇರಿಗೆ ನೇರ ಸಂಪರ್ಕವಿದ್ದು, ಅದರಲ್ಲಿ ಹೋಗುವಾಗಲೂ ಬರುವಾಗಲೂ ಅರ್ಧದಷ್ಟು ಸಂದೇಶಗಳು ಮಾತ್ರ ತಲುಪುತ್ತವೆಂದು ಭಾವಿಸೋಣ. ಆಗ ಒಂದು ಸಂದೇಶ ತಲುಪಿ ಅದರ ಸ್ವೀಕೃತಿ ಮರಳಲು ಸರಾಸರಿ 4 ಬಾರಿ ಕಳುಹಿಸಬೇಕಾಗುತ್ತದೆ. ನಡುವೆ ಒಂದು ರೂಟರ್ ಇಟ್ಟು, ಎರಡೂ ಕೊಂಡಿಗಳು ಎರಡೂ ದಿಕ್ಕಿನಲ್ಲಿ ಶೇ. 90ರಷ್ಟು ಸಫಲವಾದರೆ ಒಟ್ಟು ಸುಮಾರು 2.5 ಬಾರಿ ಸಾಕು. ಈ ಎಣಿಕೆಯನ್ನು ಅಮೆರಿಕದ ಎಂ.ಐ.ಟಿ. ಸಂಶೋಧಕರು 2003ರಲ್ಲಿ ಮಂಡಿಸಿದರು. 2011ರ 802.11ಎಸ್ ಮಾನದಂಡವು ಪ್ರತಿ ಕೊಂಡಿಯ ವೇಗ ಹಾಗೂ ದೋಷಪ್ರಮಾಣಗಳೆರಡನ್ನೂ ಗಣಿಸುತ್ತದೆ.

ಆದರೆ ರೂಟರುಗಳನ್ನು ಮಿತಿಮೀರಿ ಹೆಚ್ಚಿಸುವುದೂ ತರವಲ್ಲ. ಎಲ್ಲವೂ ಒಂದೇ ಚಾನೆಲ್ ಬಳಸಿದರೆ ಒಂದು ಮಾತನಾಡುವಾಗ ನೆರೆಯದು ಸುಮ್ಮನಿರಬೇಕಾಗಿ ವೇಗ ಕುಗ್ಗುತ್ತದೆ. ಆದುದರಿಂದ ಎರಡು ರೇಡಿಯೋಗಳುಳ್ಳ ರೂಟರ್ ಲೇಸು.

ಆದ್ಯತೆಯ ಪ್ರಶ್ನೆ

2005ರ 802.11ಇ ಮಾನದಂಡವು ಧ್ವನಿ, ದೃಶ್ಯ, ಸಾಮಾನ್ಯ, ಹಿನ್ನೆಲೆ ಎಂಬ ನಾಲ್ಕು ದರ್ಜೆಗಳನ್ನು ಕಲ್ಪಿಸಿದೆ. ಇಲ್ಲೊಂದು ತೊಡಕುಂಟು: ಕಾವಲು ಕ್ಯಾಮೆರಾದ ಮಾಹಿತಿಯು ದೃಶ್ಯದ ದರ್ಜೆ ಪಡೆದರೆ, ಸಾಮಾನ್ಯ ದರ್ಜೆಯ ಇ-ವೇ ಬಿಲ್ ಅದರ ಹಿಂದೆ ಕಾಯುತ್ತದೆ. ಕ್ಯಾಮೆರಾಗಳಿಗೆ ತಂತಿ ಸಂಪರ್ಕ ಕೊಡುವುದು ಅಥವಾ ಅವುಗಳ ವೇಗಕ್ಕೆ ಮಿತಿ ಹಾಕುವುದು ಇದಕ್ಕೆ ಪರಿಹಾರ.

ಖರೀದಿಗೆ ಮುನ್ನ

ಮೆಶ್ ಜಾಲವು ಒಂದು ಆವರಣಕ್ಕೆ ತಕ್ಕುದೇ ಹೊರತು ಬಸವಕಲ್ಯಾಣ–ಹುಮನಾಬಾದ್ ನಡುವಿನ ದೂರಕ್ಕಲ್ಲ. ಹೊರಗಿನಿಂದ ಬರುವ ಸಂಪರ್ಕವೇ ದುರ್ಬಲವಾಗಿದ್ದರೆ ಅದನ್ನೂ ಇದು ಸರಿಪಡಿಸದು. ದಾರಿಯನ್ನು ಯಾವ ಆಧಾರದ ಮೇಲೆ ಆರಿಸಲಾಗುತ್ತದೆ, ರೇಡಿಯೋಗಳೆಷ್ಟು, ಆದ್ಯತೆಯನ್ನು ಬದಲಿಸಬಹುದೇ ಎಂಬ ಮೂರು ಪ್ರಶ್ನೆಗಳನ್ನು ಪೂರೈಕೆದಾರರಿಗೆ ಕೇಳಬೇಕು. ಲಾರಿಗಳು ತುಂಬುವ ಹೊತ್ತಿನಲ್ಲಿ ಗೋದಾಮಿನ ಬಾಗಿಲಲ್ಲೇ ಪರೀಕ್ಷೆ ನಡೆಸಿದ ಬಳಿಕ ಹಣ ಪಾವತಿಸುವುದು ಕ್ಷೇಮ.